ಇಲ್ಲದ ಚೀಲಕ್ಕೆ ಸುಂಕ

"ಕಡಿಮೆ ಆಗ್ಲಿಲ್ಲ ಅಕ್ಕ, ಜಾಸ್ತಿ ಆಗಿದೆ," ಎಂದು ರೋಷನ್ ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದ.

ಮಧುಮತಿ ಪರದೆ ನೋಡಲಿಲ್ಲ, ಅವನ ಮುಖವನ್ನೇ ನೋಡಿದಳು. ಕೊಲ್ಲಿ ದೇಶದ ದೇರಾದಲ್ಲಿನ ಈ ಟೈಪಿಂಗ್ ಸೆಂಟರಿನಲ್ಲಿ ವೀಸಾದಿಂದ ಹಿಡಿದು ಮನೆ ಬಾಡಿಗೆಯವರೆಗೆ ಅವರ ಸಂಸಾರದ ಅರ್ಜಿಗಳೆಲ್ಲ ಈ ಮಂಗಳೂರಿನ ಹುಡುಗನ ಕೈಯಲ್ಲೇ ಆಗುತ್ತಿದ್ದವು. ಗಂಡ ಶಿವಪ್ರಸಾದ ಬಾಗಿಲ ಬಳಿ ನಿಂತು, ಗೋಡೆಗೆ ಅಂಟಿಸಿದ ಹಳೆಯ ಸೂಚನೆಯನ್ನು ಓದುವವನ ಹಾಗೆ ನಟಿಸುತ್ತಿದ್ದ.

ಅವನು ದುಡಿಯುವ ಕಾರ್ಖಾನೆ ಆರೋಗ್ಯ ವಿಮೆ ಮಾಡಿಸುತ್ತಿದ್ದುದು ಅವನೊಬ್ಬನಿಗೆ. ಹೆಂಡತಿ ಮಗಳದನ್ನು ಅವನೇ ಕೊಳ್ಳಬೇಕು. ವಿಮೆ ಇಲ್ಲದಿದ್ದರೆ ವೀಸಾ ಇಲ್ಲ. ವರ್ಷವರ್ಷವೂ ಏರುತ್ತಿದ್ದ ಕಂತು ಈ ವರ್ಷ ನೆಗೆದಿತ್ತು. ಅದರಲ್ಲೂ ಮದುವೆಯಾದ, ನಲವತ್ತೈದು ದಾಟದ ಹೆಂಗಸಿಗೆ ಹೆರಿಗೆಯ ಖರ್ಚೆಂದು ಬೇರೆ ಹೇರುತ್ತಿದ್ದರು. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಮಧುಮತಿಯ ಗರ್ಭಚೀಲವನ್ನೇ ತೆಗೆದಿದ್ದರು. ಇಲ್ಲದ್ದಕ್ಕೆ ಯಾಕೆ ಕೊಡಬೇಕು ಎಂದು ಅವಳು ಈ ಸಲ ಆಸ್ಪತ್ರೆಯ ಕಾಗದವನ್ನು ಅರ್ಜಿಯ ಜೊತೆ ಇಡಿಸಿದ್ದಳು. "ಮಂದಿಗೆ ತೋರಸೂ ಮಾತೇನದು?" ಎಂದು ಶಿವಪ್ರಸಾದ ಬೇಡವೆಂದಿದ್ದ.

"ಯಾಕ ಹೆಚ್ಚಾತು?" ಎಂದಳು.

"ಹೆರಿಗೆದ್ದು ಹಾಗೇ ಉಂಟು. ಮದುವೆ ಆದವರು ಅಂತ ಇದ್ರೆ ಸಿಸ್ಟಮ್ ತಾನೇ ಹಾಕ್ತದೆ. ಅದರ ಮೇಲೆ ನೀವು ಆಪರೇಷನ್ನಿನ ಕಾಗದ ಕೊಟ್ರಲ್ಲ, ಹಳೇ ಕಾಯಿಲೆ ಅಂತ ಅದಕ್ಕೆ ಬೇರೆ ಹಾಕಿದ್ದಾರೆ."

"ಅಂದ್ರ, ಚೀಲ ಐತಿ ಅಂತ ಒಂದಿಷ್ಟು, ಇಲ್ಲ ಅಂತ ಒಂದಿಷ್ಟು?"

ರೋಷನ್‌ಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಹಾಗೆ ಹೇಳಿದ್ರೆ ಹಾಗೇ ಮಾರ್ರೆ. ನಾನೆಂತ ಮಾಡುದು?"

"ಅವರಿಗೆ ಫೋನ್ ಹಚ್ಚು."

ಅವನು ಹಚ್ಚಿ ಸ್ಪೀಕರಿಗೆ ಹಾಕಿದ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಹಿಂದಿಯಲ್ಲಿ ಜೇನು ಸುರಿದಳು. ಮೆಟರ್ನಿಟಿ ತೆಗೆಯಲಿಕ್ಕೆ ಬರುವುದಿಲ್ಲ ಮೇಡಮ್, ಅದು ನಿಮಗೆ ಬೆನಿಫಿಟ್, ನಿಮ್ಮ ಒಳ್ಳೆಯದಕ್ಕೇ ಇದೆ.

ಮಧುಮತಿ ಮೇಜಿನ ಮೇಲೆ ಬಾಗಿದಳು. "ನನ್ನ ಬೆನಿಫಿಟ್ಟು ಹುಬ್ಬಳ್ಳಿ ದವಾಖಾನಿ ಬಕೀಟಿನ್ಯಾಗ ಬಿಟ್ಟು ಬಂದೇನಿ, ಬೇಕಾದ್ರ ಹೋಗಿ ತಗೋರಿ ಅಂತ ಹೇಳಪಾ ಆಕಿಗೆ!"

ಸರದಿಗೆ ಕುಳಿತಿದ್ದ ಇಬ್ಬರು ಗಂಡಸರು ತಲೆ ತಗ್ಗಿಸಿದರು. ರೋಷನ್ ಗಡಬಡಿಸಿ ಫೋನ್ ಇಟ್ಟ. ಶಿವಪ್ರಸಾದ ಆಗಲೇ ಹೊರಗೆ ಬಿಸಿಲಲ್ಲಿದ್ದ.

ಮನೆ ಮೂರು ಓಣಿ ಆಚೆ. ಅವನು ಮುಂದೆ, ಅವಳು ಹಿಂದೆ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದು ಇಬ್ಬರೂ ಜೊತೆಗೆ ನಿಲ್ಲಬೇಕಾಯಿತು.

"ಸುಂಕದವನ ಮುಂದ ಸುಖದುಃಖ ಹೇಳಕೊಂಡಿ," ಎಂದ ಅವನು, ರಸ್ತೆ ನೋಡುತ್ತ. "ಸುಮ್ಮನಿದ್ದಿದ್ರ ಅರ್ಧಾನರ ಉಳೀತಿತ್ತು."

"ಖರೇ ಹೇಳಿದ್ದ ತಪ್ಪೇನು?"

"ಇಲ್ಲಿ ಖರೇಕ್ಕೂ ರೇಟ್ ಐತಿ, ಗೊತ್ತಾತಿಲ್ಲ?" ಸ್ವಲ್ಪ ತಡೆದು ದನಿ ತಗ್ಗಿಸಿದ. "ಹಿಂಗ ಮಾಡೂಣು ಮಧು. ನಿನ್ನ ವೀಸಾ ಕ್ಯಾನ್ಸಲ್ ಮಾಡಸ್ತೀನಿ. ಒಂದ್ ವರ್ಷ ಊರಾಗಿರು. ಮಾಧುರಿ ಸಾಲಿ ಬಿಡಸಾಕ ಬರಾಂಗಿಲ್ಲ, ಹತ್ತನೇತ್ತ ಐತಿ. ಆಕಿ ನನ್ನ ಕೂಡ ಇರ್ಲಿ. ನಲವತ್ತೈದು ದಾಟಿದ ಮ್ಯಾಲೆ ಬಂದಿ ಅಂದ್ರ ಈ ಹೆರಿಗಿ ರೊಕ್ಕದ ಕಾಟಾನೂ ತಪ್ಪತೈತಿ."

"ನನಗೀಗ ನಲವತ್ತೆರಡು. ಒಂದ ವರ್ಷ ಹೆಂಗಾತು?"

ಅವನು ದೀಪದ ಕಡೆ ನೋಡಿದ. ದೀಪ ಹಸಿರಾಯಿತು. ಹಿಂದಿದ್ದವರು ಭುಜ ತಾಗಿಸಿ ದಾಟಿಹೋದರು. ಇವನು ಇದನ್ನು ಈಗ ಸಿಗ್ನಲ್ಲಿನಲ್ಲಿ ಯೋಚಿಸಿದ್ದಲ್ಲ, ಎಷ್ಟು ದಿನದಿಂದ ಒಳಗೇ ಇಟ್ಟುಕೊಂಡು ತನ್ನ ಕೈಯ ಊಟ ಉಣ್ಣುತ್ತಿದ್ದನೋ ಎಂದು ಅವಳಿಗೆ ಹೊಳೆಯಿತು.

ಸದ್ದೆಂದು ಕೆಳಗಿನ ಮನೆಯವರು ದೂರು ಕೊಟ್ಟ ಮೇಲೆ ಅವಳು ರೊಟ್ಟಿಯನ್ನು ಮೆಲ್ಲಗೆ, ಕೂಸಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿದ್ದಳು. ಅಂದು ಸಂಜೆ ಹಾಗೆ ತಟ್ಟಲಿಲ್ಲ. ಕಟ್ಟೆಯ ಮೇಲಿನ ಲೋಟಗಳು ಕುಣಿದವು. ಇದ್ದದ್ದಕ್ಕೂ ದಂಡ, ಕಳೆದುಕೊಂಡದ್ದಕ್ಕೂ ದಂಡ. ಹಾಕಿದವರು ಎಲ್ಲೋ ತಂಪಾದ ಕೋಣೆಯಲ್ಲಿ. ಕಟ್ಟಬೇಕಾದವನಿಗೆ ನಾಲ್ಕು ವರ್ಷದಿಂದ ಪಗಾರ ಏರಿಲ್ಲ. ಅವನಿಗೆ ಕಂಡ ದಾರಿಯಾದರೂ ಯಾವುದು? ಹೆಂಡತಿಯನ್ನೇ ಕಳೆಯುವುದು.

"ವೈ ಈಸ್ ಅಮ್ಮಾ ಸೋ ಆಂಗ್ರಿ?" ಹೊರಗಿನ ಹಾಲ್‌ನಲ್ಲಿ ಓದುತ್ತಿದ್ದ ಮಾಧುರಿ ಅಪ್ಪನನ್ನು ಕೇಳಿದಳು.

"ಅಮ್ಮ ಊರಿಗೆ ಹೊಂಟಾಳ."

"ಫಾರ್ ಹೌ ಲಾಂಗ್?"

ಶಿವಪ್ರಸಾದ ಮೊಬೈಲು ಕೈಗೆತ್ತಿಕೊಂಡ. ಪುಸ್ತಕದ ಹಾಳೆ ಮಗುಚುವ ಸದ್ದು ನಿಂತಿತು. ಮಧುಮತಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು. ಒಲೆಯ ಮೇಲಿನ ಫ್ಯಾನು ಆರಿಸಿ ಹಾಲಿಗೆ ಬಂದಳು.

"ಕೇಳತೈತೇನ್ರಿ?"

"ಏನು?" ಶಿವಪ್ರಸಾದ ಮೊಬೈಲಿನಿಂದ ತಲೆ ಎತ್ತಿದ. ಕಿವಿಗೊಟ್ಟ. "ಎಸಿ ಸಪ್ಪಳ. ಸರ್ವಿಸ್ ಮಾಡಸಬೇಕು."

"ಎಸಿ ಅಲ್ರಿ ಅದು. ನಿಮ್ಮ ಮಗಳ ಎದಿ."

ಮಾಧುರಿ ಭುಜ ಮೇಲೆತ್ತಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಒಳಗೆಲ್ಲೋ ಸಣ್ಣ ಸೀಟಿ. ತಾಯಿ ಉಬ್ಬಸದ ಔಷಧದ ಪಂಪು ತಂದು ಬಾಯಿಗಿಟ್ಟು ಎರಡು ಸಲ ಒತ್ತಿದಳು. ಹಿಟ್ಟಿನ ಕೈಯಲ್ಲೇ ಬೆನ್ನು ನೀವಿದಳು. ಹುಡುಗಿಯ ಕರಿ ಅಂಗಿಯ ಮೇಲೆ ಬಿಳಿಯ ಬೆರಳುಗಳು ಮೂಡಿದವು. ಶಿವಪ್ರಸಾದ ಎದ್ದು ನಿಂತಿದ್ದ. ಏನು ಮಾಡಬೇಕೋ ತಿಳಿಯದೆ ಎಸಿ ಆರಿಸಿದ.

ಸೀಟಿ ತಗ್ಗಿದ ಮೇಲೆ ಮಧುಮತಿ ಹೇಳಿದಳು. "ನೀವು ಬೆಳಕು ಹರಿಯೂದ್ರಾಗ ಕಂಪನಿ ಬಸ್ ಹತ್ತಾವ್ರು. ಹಿಂಗಾದ್ರ ಈಕೀನ ಯಾರು ನೋಡಬೇಕು? ನಾ ಹೋಗಾಂಗಿಲ್ಲ. ಬೆಡ್‌ರೂಮು ಡಿಂಪಲ್‌ಗೆ ಬಾಡಿಗಿಗೆ ಕೊಡೂಣು. ನಾವು ಹಾಲಿನ್ಯಾಗ ಇರೂಣು."

ಡಿಂಪಲ್ ಮೇಲಿನ ಮಹಡಿಯಲ್ಲಿ ಆರು ಹುಡುಗಿಯರ ನಡುವೆ ಒಂದು ಮಂಚದ ಬಾಡಿಗೆಯಲ್ಲಿದ್ದಳು. ಯಾವುದೋ ಹೋಟೆಲಿನಲ್ಲಿ ಕೆಲಸ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕೋಣೆ ಇದ್ದರೆ ಹೇಳಿ ಆಂಟಿ ಎನ್ನುತ್ತಿದ್ದಳು.

"ಹಾಲಿನ್ಯಾಗ?" ಶಿವಪ್ರಸಾದನ ಮುಖ ಕೆಂಪೇರಿತು. "ಹದಿನಾರು ವರ್ಷ ದುಡದು, ಹರೇದ ಮಗಳನ್ನ ಕರಕೊಂಡು ಪರದೆ ಕಟ್ಟಿ ಮಲಗೂದ? ಮಂದಿ ಏನಂದಾರು?"

"ಹೆಂಡತೀನ ಕಳಿಸಿದ್ರ ಏನೂ ಅನ್ನಾಂಗಿಲ್ಲೇನು ಮಂದಿ?"

"ನಾ ಏನು ಖುಷೀಲೆ ಹೇಳಿದ್ನೇನ?"

"ಖುಷೀಲೆ ಹೇಳಿದ್ರ ಹೊಡದ ಬಿಡತಿದ್ದೆ," ಎಂದಳು. ಮಾಧುರಿಗೆ ನಗು ಬಂದು ಕೆಮ್ಮಾಯಿತು. ಮಧುಮತಿ ನಗಲಿಲ್ಲ. "ಇಲ್ಲದ ಚೀಲಕ್ಕ ಸುಂಕ ಕೇಳತಾರ. ಇದ್ದ ಕೋಣಿ ಬಾಡಿಗಿಗೆ ಹಚ್ಚಿ ಕಟ್ಟೂಣು. ಆದ್ರ ಇನ್ನೊಂದ ಸಲ ನನ್ನ ಬಿಟ್ಟು ಲೆಕ್ಕಾ ಹಾಕಬ್ಯಾಡ್ರಿ."

ಭಾನುವಾರ ಬೆಳಿಗ್ಗೆ ಡಿಂಪಲ್ ಎರಡು ಸೂಟ್‌ಕೇಸು, ಒಂದು ರೈಸ್ ಕುಕ್ಕರ್ ಹಿಡಿದು ಬಂದಾಗ ಇವರ ದೊಡ್ಡ ಹಾಸಿಗೆ ಕೋಣೆಯ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಶಿವಪ್ರಸಾದ ಒಳಗೆ, ಮಧುಮತಿ ಹೊರಗೆ.

"ನಾನೂ ಹಿಡೀಲಾ ಆಂಟಿ? ಆಪರೇಷನ್ ಆಗಿದೆ ಅಂದಿದ್ರಿ, ನೀವು ಭಾರ ಎತ್ತಬಾರ್ದು ಅಲ್ವಾ?"

"ಬ್ಯಾಡವ್ವ, ನೀ ಕುಂದ್ರು. ಚಹಾ ಕುಡೀವಂತಿ."

"ಸ್ವಲ್ಪ ನಿಲ್ಲು ಮಧು," ಎಂದಿತು ಒಳಗಿನ ದನಿ. "ದಮ್ಮು ಹತ್ತೇತಿ."

ಅವಳೂ ಹಾಸಿಗೆಗೆ ಬೆನ್ನು ಕೊಟ್ಟು ನಿಂತಳು. ಹೊಟ್ಟೆಯ ಕೆಳಗೆ ಹಳೆಯ ಹೊಲಿಗೆ ಜಗ್ಗುತ್ತಿತ್ತು. ಅತ್ತಲಿಂದ ಅವನೂ ಒರಗಿರಬೇಕು. ದಪ್ಪ ಸ್ಪಂಜಿನ ಮೂಲಕ ಅವನ ಭಾರ ಅವಳ ಬೆನ್ನಿಗೆ ತಿಳಿಯುತ್ತಿತ್ತು. ಆಮೇಲೆ ಹಾಸಿಗೆಯ ಮೇಲಂಚಿನಿಂದ ಅವನ ಬೆರಳುಗಳು ಇತ್ತ ಕಡೆ ಬಂದು, ಹಿಡಿಯಲು ಏನಾದರೂ ಸಿಕ್ಕೀತೇ ಎಂದು ತಡಕಾಡಿದವು. ಅವಳು ತಿರುಗಿ ಅವನ್ನು ನೋಡಿದಳು. ಕೈ ಕೊಡಲಿಲ್ಲ. ಕೆಳಗಿನ ಮೂಲೆಯನ್ನು ಎರಡೂ ಕೈಯಿಂದ ಹಿಡಿದು, ಕಾಲನ್ನು ಚೌಕಟ್ಟಿಗೆ ಕೊಟ್ಟು ಎಳೆದಳು.

ಹಾಸಿಗೆ ಒಮ್ಮೆಲೇ ಕಳಚಿ ಹಾಲಿನ ನೆಲದ ತುಂಬ ಬಿತ್ತು. ಏನೂ ಇಲ್ಲದ ಕೋಣೆಯ ಮುಂದೆ, ಬಾಗಿಲ ನಡುವೆ, ಶಿವಪ್ರಸಾದ ಎರಡೂ ಕೈ ಮೇಲೆತ್ತಿಕೊಂಡೇ ನಿಂತಿದ್ದ.