ಒಡ್ಡಿಗೆ ತುರುಕಿದ ಉಣ್ಣೆ

ಕುರಿಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ ಒಬ್ಬ ಮುದುಕಿ ತನ್ನ ಕರಿ ಕುರಿಗೆ ಭಾಷೆ ಕೊಟ್ಟಿದ್ದಳಂತೆ: "ನಿನ್ನ ಮೈಮ್ಯಾಗಿನ ಒಂದ ಎಳಿನೂ ನೆಲಕ್ಕ ಚೆಲ್ಲೂದಿಲ್ಲ." ಅದಕ್ಕೆ ಕುರಿ, "ಹಂಗಾರ ನಿನ್ನ ಮನಿ ಕೂಸಿಗೆ ಚಳಿ ತಾಕೂದಿಲ್ಲ" ಎಂದಿತಂತೆ.

ಈ ಕತೆಯನ್ನು ಅಪ್ಪನ ತಾಯಿ, ನನ್ನ ಆಯಿ ಮಲಕವ್ವ, ನನಗೆ ನೂರು ಸಲ ಹೇಳಿರಬೇಕು. ನಮ್ಮ ಮನೆಯಲ್ಲಿ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ ಕೆಳಗೆ ನೇಯದ ಹಾಸು ಇರಲೇಬೇಕು. ಮರಿಯ ಮೊದಲ ಉಣ್ಣೆಯನ್ನು ಹಿಂಜಿ, ಬಿಸಿನೀರು ಚಿಮುಕಿಸಿ, ಚಾಪೆಯಲ್ಲಿ ಸುತ್ತಿ, ತುಳಿದು ತುಳಿದು ಕೂಡಿಸಿದ ಹಾಸು. ಮಗ್ಗ ಅದನ್ನು ಮುಟ್ಟಿರಬಾರದು. ಅಕ್ಕ ಕೋಮಲ ಮದುವೆಯಾಗಿ ಏಳು ವರ್ಷಕ್ಕೆ ಬಸುರಾದಾಗ, "ಹಾಸ ನಂದು" ಎಂದು ಆಯಿ ಮಾತು ಕೊಟ್ಟಿದ್ದಳು. ಮೂರು ಕರಿಮರಿಗಳ ಉಣ್ಣೆಯನ್ನು ತೊಳೆದು, ಬೇವಿನೆಲೆ ಬೆರೆಸಿ, ಚೀಲ ಕಟ್ಟಿ ಅಟ್ಟದ ಮೇಲಿಟ್ಟಿದ್ದಳು.

ಕೂಸು ಹುಟ್ಟಿತು. ಸೋಮವಾರ ತೊಟ್ಟಿಲು; ಕಬ್ಬೂರಿನಿಂದ ಬೀಗರು ಬರುವವರು. ಗುರುವಾರ ಅಟ್ಟ ಹತ್ತಿ ನೋಡಿದರೆ ಚೀಲವೇ ಇಲ್ಲ.

"ಅಪ್ಪಾ, ಉಣ್ಣಿ ಚೀಲ ಎಲ್ಲೈತಿ?"

ಅಪ್ಪ ಭರಮು ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಹೇಳಿದ: "ಸಾವಕಾರ್ರ ಕಾಲಿವಿ ಒಡ್ಡ ಒಡದಿತ್ತವ್ವಾ. ಅದಕ್ಕ ತುರಕಿ ಬಂದ್ನಿ. ಈಗ ಉಣ್ಣಿ ಯಾರ ತಗೋತಾರ? ಚಿಕ್ಕೋಡ್ಯಾಗ ಫೋಮಿನ ಗಾದಿ ಸಿಗತೈತಿ, ತರ್ತೀನಿ."

"ಹೇಳಾಕ ನಾಲಿಗಿ ಹೆಂಗ ಬಂತೋ ನಿನಗ!" ಎಂದ ಆಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಸಾವಕಾರ ರಾವಸಾಹೇಬರ ಹೊಲದಲ್ಲಿ ನಮ್ಮ ಕುರಿ ತಂಗುತ್ತವೆ. ಅವರ ಕಬ್ಬು ಎತ್ತರ ಬೆಳೆಯುವುದು ನಮ್ಮ ಕುರಿಗಳ ಹಿಕ್ಕೆಯಿಂದ. ಆದರೂ ಅವರ ಎದುರು ಕೈ ಕಟ್ಟಿ ನಿಲ್ಲುವವನು ನಮ್ಮಪ್ಪ!

ಶಿರಗುಪ್ಪಿಯ ಆ ಹೊಲಕ್ಕೆ ಓಡಿದೆ. ರಾವಸಾಹೇಬರು ಸಲಿಕೆ ಹಿಡಿದು ಒಡ್ಡಿನ ಮೇಲೇ ನಿಂತಿದ್ದರು. ನಾನು ಕೆಸರಿಗಿಳಿದು ಚೀಲವನ್ನು ಎರಡೂ ಕೈಯಿಂದ ಜಗ್ಗಿದೆ. ನೀರು ಭರ್ರನೆ ನುಗ್ಗಿತು.

"ಏ ಹುಡುಗಿ! ನೀರೆಲ್ಲಾ ಹೊಂಟೈತಿ!"

"ಹೋಗ್ಲಿ ಬಿಡ್ರಿ. ಹಿಕ್ಕಿ ಸಾಲವಲ್ದೇನು, ನಮ್ಮ ಕೂಸಿನ ಹಾಸೂ ಬೇಕೇನ್ರಿ ನಿಮಗ?"

"ನಿಮ್ಮಪ್ಪನ್ನ ಕಳಸ. ಅವನ ಕೂಡ ಮಾತಾಡ್ತೀನಿ."

"ಅಂವಗ ಹೂಂ ಅನ್ನೂದ ಬಿಟ್ರ ಏನ ಬರತೈತ್ರಿ? ಸಲಿಕಿ ನಿಮ್ಮ ಕೈಯಾಗೈತಿ, ಮಣ್ಣ ಹಾಕ್ರಿ."

ಚೀಲ ತಂದು ಬಿಚ್ಚಿದೆವು. ನೀರು, ಕೆಸರು, ಒಡ್ಡು ಗಟ್ಟಿ ಮಾಡಲು ತುಳಿದ ಅಪ್ಪನ ಕಾಲು, ಮೂರೂ ಸೇರಿ ಹೊರಗಿನ ಉಣ್ಣೆಯನ್ನೆಲ್ಲ ಕಲ್ಲಿನಂಥ ಉಂಡೆ ಮಾಡಿದ್ದವು. ಅದನ್ನಿನ್ನು ಹಿಂಜಲಾಗದು. ನಡುವಿನದಷ್ಟೇ ಮೆತ್ತಗೆ ಉಳಿದಿತ್ತು. ಆಯಿ ಅದನ್ನು ಉಡಿಯಲ್ಲಿ ಹಾಕಿಕೊಂಡು ತೂಗಿ ನೋಡಿದಳು.

"ತೊಟ್ಟಲದಷ್ಟ ಆಗತೈತಿ. ಒಂದ ಗೇಣೂ ಹೆಚ್ಚ ಆಗೂದಿಲ್ಲ. ಈಗ ಕೆಟ್ರ ಮುಗೀತ ನೋಡ ಉಜ್ವಲಾ."

ಶುಕ್ರವಾರ ತೊಳೆದು ಒಣಗಿಸಿದೆವು. ಶನಿವಾರ ನಸುಕಿಗೇ ಆಯಿ ಬೆರಳಿನಿಂದ ಹಿಂಜಿ ಚಾಪೆಯ ಮೇಲೆ ಪದರು ಪದರಾಗಿ ಹರವಿದಳು. ಅವಳ ಮೊಳಕಾಲು ಏಳುವುದಿಲ್ಲ. ತುಳಿಯುವುದು ನನ್ನ ಪಾಲಿಗೆ ಬಂತು. ಸುತ್ತಿದ ಚಾಪೆಯ ಮೇಲೆ ದಬದಬ ಕಾಲು ಹಾಕಿದೆ.

"ಹಿಂಗ್ಯಾಕ ಗುದ್ದಾಕತ್ತಿ? ಅದೇನ ನಿಮ್ಮಪ್ಪನ ಬೆನ್ನಾ?"

"ಹೌದು!"

ಬಿಚ್ಚಿ ನೋಡಿದರೆ ಉಣ್ಣೆ ಒಂದು ಕಡೆ ಸರಿದು ನಡುವೆ ತೂತು ಬಿದ್ದಿತ್ತು. ನನಗೆ ಅಳುವೇ ಬಂತು. ಆಯಿ ಇಂಥದ್ದಕ್ಕೆಂದೇ ಎತ್ತಿಟ್ಟಿದ್ದ ಒಂದು ಹಿಡಿ ಉಣ್ಣೆಯನ್ನು ತೂತಿಗೆ ಹರವಿ, ಮತ್ತೆ ಸುತ್ತಿದಳು.

"ಮದ್ಲ ಸಾವಕಾಶ ತುಳೀಬೇಕ ಬೇ. ಎಳಿ ಎಳಿ ಹಿಡಕೊಳ್ಳೂ ಮಟಾ ಸಿಟ್ಟ ತಡಕೋ. ಆಮ್ಯಾಲ ಹಿಮ್ಮಡದಲೆ ತುಳಿ. ನನ್ನ ಸಿಟ್ಟೂ ಐತಿ, ಅದನ್ನೂ ಸೇರಸಿ ತುಳಿ."

ಹಲ್ಲು ಕಚ್ಚಿ ಮೆಲ್ಲಗೆ ತುಳಿದೆ. ಅಷ್ಟರಲ್ಲಿ ಅಪ್ಪ ಬಿಸಿನೀರಿನ ಕೊಡ ತಂದು ನಿಂತ.

"ನಾನೂ ತುಳೀಲೇನವ್ವಾ?"

"ನೀ ತುಳಿಯೂದೆಲ್ಲಾ ಒಡ್ಡಿನ್ಯಾಗ ಆಗೇತಿ. ನೀರ ಹಾಕ" ಎಂದಳು ಆಯಿ.

ಅವನು ತಲೆ ತಗ್ಗಿಸಿ ನೀರು ಹಾಕಿದ. ಮಧ್ಯಾಹ್ನದವರೆಗೂ ಹಾಕುತ್ತಲೇ ಇದ್ದ. ಕೊನೆಗೆ ಆಯಿ, "ಈಗ" ಎಂದಳು. ಎರಡು ದಿನ ತಡೆದದ್ದನ್ನೆಲ್ಲ ಹಿಮ್ಮಡಿಗೆ ಇಳಿಸಿದೆ.

ಚಾಪೆ ಬಿಚ್ಚಿ, ಆಯಿ ಎರಡು ಬೆರಳಿನಲ್ಲಿ ಮೂಲೆ ಚಿವುಟಿ ಎತ್ತಿದಳು. ಒಂದು ಎಳೆಯೂ ಬಿಡಲಿಲ್ಲ. ಕರೀ ಹಾಸು ಇಡಿಯಾಗಿ ಮೇಲೆದ್ದು ಬಂತು.

ಸೋಮವಾರ ಬೀಗರ ಎದುರು ಅದನ್ನು ತೊಟ್ಟಿಲಲ್ಲಿ ಹಾಸಿದವಳು ಆಯಿಯೇ. ಅಪ್ಪನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೂಸು ಮಾತ್ರ ಹಾಸಿನ ಮೇಲೆ ಮುಷ್ಟಿ ಬಿಚ್ಚಿ ಮಲಗಿತು.