ಮೇಸ್ತ್ರಿಯ ಸೊಂಟ, ಮೇಜಿನ ಎತ್ತರ

ನಮ್ಮ ಪಕ್ಕದ ಮನೆಯ ಬೇಕರಿ ಮೇಸ್ತ್ರಿ ಹಿಟ್ಟಿನ ಮೂಟೆ ಎತ್ತಲು ಹೋಗಿ ಸೊಂಟ ಉಳುಕಿಸಿಕೊಂಡು ಮೂರು ತಿಂಗಳಾಗಿತ್ತು. ಓಡಾಡಿ ಎಂದು ಡಾಕ್ಟರು ಹೇಳಿದ್ದರೂ ಹೆಂಡತಿ ಅವರನ್ನು ಮಂಚದಿಂದ ಇಳಿಯಲು ಬಿಡುತ್ತಿರಲಿಲ್ಲ. ನೀರಿನ ಲೋಟವೂ ಕೈಗೇ ಬರುತ್ತಿತ್ತು. ಬೀದಿಗೆಲ್ಲ ಬ್ರೆಡ್ಡು ಮಾಡಿಕೊಟ್ಟ ಮನುಷ್ಯ ಗೋಡೆ ನೋಡುತ್ತ ಕೂತಿದ್ದನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತಿತ್ತು.

ಒಂದು ದಿನ, ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿ ಮೇಡಂ ಮನೆಗೆ ಬಂದರು.

"ಮೇಸ್ತ್ರಿಗಳೇ, ಬೇಕರಿಗೆ ಯಾವಾಗ ಹೋಗ್ತೀರಾ?"

"ಇನ್ನೆಲ್ಲಿ ಬೇಕರಿ, ತಾಯಿ? ನನ್ನ ಕಥೆ ಮುಗೀತು."

ಹೆಂಡತಿ ಸಿಡಿದರು. "ಮತ್ತೆ ಕಳಿಸಿ ಇವ್ರನ್ನ ಪೂರ್ತಿ ಕಳ್ಕೊಳ್ಲಾ? ಸಂಬಳ ಬೇಡಮ್ಮ. ನಂಗೆ ಇವ್ರಿದ್ರೆ ಸಾಕು."

"ನಿಮ್ಮ ಭಯ ಅರ್ಥ ಆಗುತ್ತೆ ಅಕ್ಕಾ. ಆದ್ರೆ ಮಲಗಿದಷ್ಟೂ ಸೊಂಟ ಸೊರಗುತ್ತೆ, ಮನಸ್ಸೂ ಸೊರಗುತ್ತೆ. ಮೊದಲಿನ ಕೆಲಸಾನ ಮೊದಲಿನ ಹಾಗೇ ಮಾಡ್ಲಿ ಅಂತ ನಾನು ಹೇಳ್ತಿಲ್ಲ. ಒಂದ್ಸಲ ಜಾಗ ನೋಡೋಣ. ನೀವೂ ಬನ್ನಿ."

ಗಂಡ ಕೆಲಸಕ್ಕೆ ಸೇರಿದ ಇಪ್ಪತ್ತು ವರ್ಷದಲ್ಲಿ ಹೆಂಡತಿ ಬೇಕರಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹಿಟ್ಟು ನಾದುವ ಮೇಜು ಕಂಡದ್ದೇ ತಡ, ಮಾಲೀಕರನ್ನೇ ತರಾಟೆಗೆ ತೆಗೆದುಕೊಂಡರು.

"ಇದೇನು ಮೇಜೋ, ಮಣೆಯೋ? ಇಷ್ಟುದ್ದದ ಮನುಷ್ಯ ದಿನವಿಡೀ ಬಗ್ಗಿ ನಾದಿದ್ರೆ ಸೊಂಟ ಉಳಿಯುತ್ತಾ?"

ಮಾಲೀಕರು ಬಗ್ಗಿ ಮೇಜಿನ ಕಾಲು ನೋಡಿದರು. ಮೇಡಂ ನಕ್ಕರು. "ನಾನು ಹೇಳ್ಬೇಕಾದ್ದನ್ನ ಅಕ್ಕಾನೇ ಹೇಳಿದ್ರು!"

ಮೇಜಿನ ಕಾಲಿಗೆ ಮರದ ತುಂಡು ಜೋಡಿಸಿ ಎತ್ತರಿಸಿದರು. ಮೂಟೆ ಸಾಗಿಸಲು ತಳ್ಳುಗಾಡಿ ಬಂತು. ಡಾಕ್ಟರೂ ಹೆಂಡತಿಯೂ ಒಪ್ಪಿದ ಮೇಲೆ ಮೇಸ್ತ್ರಿ ಮೊದಲ ವಾರ ದಿನಕ್ಕೆ ಎರಡೇ ಗಂಟೆ ಕೆಲಸ ಮಾಡಿದರು. ಭಾರ ಎತ್ತುವಂತಿರಲಿಲ್ಲ.

"ಬನ್ನಿ ಬನ್ನಿ, ನೀವಿಲ್ದೆ ನಮ್ಮ ಬ್ರೆಡ್ಡು ಇಟ್ಟಿಗೆ ಆಗಿತ್ತು!" ಎಂದು ಒಲೆ ನೋಡಿಕೊಳ್ಳುವವನು ಕೂಗಿದಾಗ ಮೇಸ್ತ್ರಿ ನಗುತ್ತ ತೋಳು ಮಡಚಿ ಹಿಟ್ಟಿಗೆ ಕೈ ಹಾಕಿದರು.

ಎರಡನೇ ವಾರ ನೋವು ಹೆಚ್ಚಾಯಿತು. ಮೇಸ್ತ್ರಿ ಅದನ್ನು ಮುಚ್ಚಿಡದೆ ಹೇಳಿದರು. ಮೇಡಂ ವ್ಯಾಯಾಮ ಬದಲಿಸಿದರು, ಮಾಲೀಕರು ಕೆಲಸದ ಹೊತ್ತು ಕಡಿಮೆ ಮಾಡಿದರು. ನಾಲ್ಕು ತಿಂಗಳಲ್ಲಿ ಮೇಸ್ತ್ರಿ ಪೂರ್ತಿ ಪಾಳಿಗೆ ಬಂದರು. ಈಗ ಸಂಜೆ ಮನೆಗೆ ಬಂದರೆ ಬೇಕರಿಯ ಸುದ್ದಿಗೆ ಕೊನೆಯೇ ಇಲ್ಲ. "ಬಾಯಿಗೂ ಸ್ವಲ್ಪ ಬಿಡುವು ಕೊಡಿ" ಎಂದು ಹೆಂಡತಿ ಗದರುತ್ತಾರೆ, ಆದರೂ ಎದುರಿಗೇ ಕೂತು ಕೇಳುತ್ತಾರೆ.

ನಿಮ್ಮ ಮನೆಯಲ್ಲೂ ಕೆಲಸದಲ್ಲಿ ಪೆಟ್ಟು ತಿಂದು ಮೂಲೆ ಹಿಡಿದವರಿದ್ದಾರೆಯೇ? ಅವರು ಈಗ ಯಾವ ಕೆಲಸ ಮಾಡಬಹುದೆಂದು ಡಾಕ್ಟರನ್ನು ಕೇಳಿ. ಮಾಲೀಕರ ಜೊತೆ ಕೂತು ಮಾತಾಡಿ. ಮಾಲೀಕರೇ, ಕಸುಬು ಬಲ್ಲವರು ಮರಳಿ ಬರಲು ಅನುಕೂಲ ಮಾಡಿಕೊಡಿ. ಹಾಸಿಗೆ ಹಿಡಿದಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆಲಸ ನಿಮಗಿನ್ನೂ ಗೊತ್ತಿದೆ. ನಾಳೆಯೇ ಹೋಗಿ ಡಾಕ್ಟರನ್ನು ಕೇಳಿ.