ಮೇಲಿನ ಎರಡು ಕೋಣೆಗಳು

ನವಲಿಯ ಹೈಸ್ಕೂಲಿನ ವಿಜ್ಞಾನದ ಟೀಚರು ವಿರೂಪಾಕ್ಷಮ್ಮ ನಡೆಯುವುದಿಲ್ಲ, ದಂಡೆತ್ತಿ ಹೋಗುತ್ತಾರೆ. ಸೆರಗು ಸೊಂಟಕ್ಕೆ ಬಿಗಿದು, ಮಡಿಸಿದ ಛತ್ರಿಯನ್ನು ಮುಂದೆ ಚಾಚಿ ಹೊರಟರೆ ಎದುರಿನ ಎಮ್ಮೆಯೇ ಪಕ್ಕಕ್ಕೆ ಸರಿಯಬೇಕು. ಪಾಠ ಮುಗಿಸಿ "ತಿಳೀತೇನು?" ಎಂದು ತಾವೇ ಕೇಳಿ, "ತಿಳೀಲಿಲ್ಲ" ಎಂದು ತಾವೇ ಉತ್ತರಿಸಿ, ಮೊದಲಿನಿಂದ ಶುರು ಮಾಡುವುದು ಅವರ ಪದ್ಧತಿ. ಮೂವತ್ತು ವರ್ಷಗಳಲ್ಲಿ ಅವರ ಕೈಯಿಂದ ಪಾರಾದ ದಡ್ಡನಿಲ್ಲ.

ಇಂಥವರಿಗೆ ಎದುರು ನಿಂತ ಏಕೈಕ ವೀರರೆಂದರೆ ಮಟನ್ ಅಂಗಡಿಯ ಅಮೀನಸಾಬರು. ಅವರ ಮೊಮ್ಮಗಳು ಮೆಹರಾಜ ಟೀಚರ ಹತ್ತನೆಯ ತರಗತಿಯವಳು; ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದೆ, ತಡಮಾಡದೆ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದು ಮುಚ್ಚಿಸಬೇಕು ಎಂದು ಡಾಕ್ಟರು ಹೇಳಿದ್ದರು. ಅಜ್ಜ ಒಪ್ಪಲಿಲ್ಲ.

"ನಲವತ್ತ ವರ್ಷ ಗುಂಡಿಗಿ ಕೊಯ್ದೀನ್ರಿ ಅಕ್ಕಾರ. ಇರೂವು ಎರಡ ಖೋಲಿ. ಈ ಮ್ಯಾಲಿನ ಖೋಲಿ ಎಲ್ಲಿಂದ ಬಂದ್ವು? ಡಾಕ್ಟರ ಸುಳ್ಳ ಹೇಳ್ಯಾನ."

ಟೀಚರು ಪುಸ್ತಕದ ಚಿತ್ರ ತೋರಿಸಿದರು. ಚಿತ್ರದಾಗ ಆನಿಗೆ ರೆಕ್ಕಿನೂ ಬರೀಬಹುದು ಎಂದು ಸಾಬರು ನಕ್ಕರು. ಆಗ, ಜನ್ಮದಲ್ಲಿ ಮಾಂಸದ ನೆರಳು ತುಳಿಯದ ವಿರೂಪಾಕ್ಷಮ್ಮ ಒಂದು ಭಾನುವಾರ ಬೆಳಗ್ಗೆ ಮೂಗಿಗೆ ಸೆರಗು ಹಿಡಿದು ಅಂಗಡಿಯ ಮುಂದೆ ನಿಂತೇಬಿಟ್ಟರು. ಗಿರಾಕಿಗಳು ಗಾಬರಿಯಾಗಿ ದಾರಿ ಬಿಟ್ಟರು. ಸಾಬರು ಒಂದು ಗುಂಡಿಗೆಯನ್ನೆತ್ತಿ, ರೂಢಿಯಂತೆ ಒಂದೇ ಏಟಿಗೆ ಅದರ ನೆತ್ತಿಯ ಮೆತ್ತನೆಯ ಭಾಗವನ್ನು ಕೊಳವೆಗಳ ಸಮೇತ ಹಾರಿಸಿ ನಾಯಿಗಳತ್ತ ಎಸೆದರು.

"ಅದನ್ಯಾಕ ಒಗದ್ರಿ?"

"ಅದನ್ನ ಯಾರ ತಿಂತಾರ್ರಿ? ಗಿರಾಕಿ ಬೈತಾರ."

"ಸಾಬ್ರ, ಅವ ನೋಡ್ರಿ ಮ್ಯಾಲಿನ ಖೋಲಿ! ಊರ ನಾಯಿಗೆ ಗೊತ್ತೈತಿ, ನಿಮಗ ಗೊತ್ತಿಲ್ಲ."

ಅಂಗಡಿಯೇ ನಕ್ಕಿತು. ಟೀಚರು ನಗಲಿಲ್ಲ. ಮೂಗಿನ ಸೆರಗು ಬಿಟ್ಟು, ನೆತ್ತಿ ಕೊಯ್ಯದ ಇನ್ನೊಂದು ಗುಂಡಿಗೆಯನ್ನು ಬರಿಗೈಯಲ್ಲಿ ಎತ್ತಿಕೊಂಡರು. ಅವರು ತೋರಿಸಿದಲ್ಲಿ ಸಾಬರು ಸೀಳಿದರು. ಟೀಚರು ಅದರೊಳಗೆ ತಂಬಿಗೆಯ ನೀರು ಹೊಯ್ದರು.

"ಮೈಯಾಗಿನ ರಕ್ತ ಬಲಗಡೆ ಮ್ಯಾಲಿನ ಖೋಲಿಗೆ ಬರತೈತಿ, ಅಲ್ಲಿಂದ ಕೆಳಗಿನ ಖೋಲಿಗೆ, ಅಲ್ಲಿಂದ ಪುಪ್ಪುಸಕ್ಕ. ಗಾಳಿ ಕುಡದು ಎಡಗಡೆ ಮ್ಯಾಲಿನ ಖೋಲಿಗೆ, ಅಲ್ಲಿಂದ ಕೆಳಗ, ಮತ್ತ ಮೈಗೆಲ್ಲಾ. ಈ ಪರದಿ ಐತಲ್ಲ, ಕವಾಟ, ಇದು ಹಿಂದಕ್ಕ ಬಿಡೂದಿಲ್ಲ. ತಿಳೀತೇನು? ತಿಳೀಲಿಲ್ಲ."

ಮೂರು ಸಲ ಹೇಳಿದರು. ಆಮೇಲೆ ತುರುಬಿನ ಪಿನ್ನು ಕಿತ್ತು ಮೇಲಿನ ನಡುಗೋಡೆಗೆ ಚುಚ್ಚಿದರು. ಎಡಕ್ಕೆ ಹೊಯ್ದ ನೀರು ಬಲಕ್ಕೆ ತೊಟ್ಟಿಕ್ಕತೊಡಗಿತು.

"ಶುದ್ಧ ಆಗಿ ಬಂದದ್ದ ಮತ್ತ ಪುಪ್ಪುಸಕ್ಕ ಹೊಂಟೈತಿ. ನಿಮ್ಮ ಹುಡುಗಿ ಗುಂಡಿಗಿ ಒಂದ ಕೆಲಸ ಎರಡೆರಡ ಸಲ ಮಾಡಾಕ ಹತ್ತೈತಿ."

ಅಮೀನಸಾಬರು ಕತ್ತಿ ಕೆಳಗಿಟ್ಟರು. ಆ ತೂತನ್ನು ಕಿರುಬೆರಳಿನಿಂದ ಮೆಲ್ಲಗೆ ಮುಟ್ಟಿ ಕೇಳಿದರು:

"ಹುಬ್ಬಳ್ಳಿ ಬಸ್ಸ ಎಷ್ಟಕ್ಕೈತ್ರಿ ಅಕ್ಕಾರ?"

ಕಲಿಯಲು ಬಂದವರಿಗೆ ಕಲಿಸುವವರು ಊರಿಗೆ ನಾಲ್ವರಾದರೂ ಸಿಗುತ್ತಾರೆ. ಎಲ್ಲ ಗೊತ್ತೆಂದು ಕುಳಿತವನ ಬಾಗಿಲಿಗೇ ಹೋಗಿ, ಅವನ ಕಸುಬಿನಲ್ಲೇ ಅವನಿಗೆ ಕಾಣದ್ದನ್ನು ಕಾಣಿಸುವವರೆಗೂ ಮನೆಗೆ ಹೋಗದ ಮೊಂಡರು ಅಪರೂಪ. ಅಂಥವರನ್ನು ಕಂಡರೆ ಊರಿಗೆ ಹೆದರಿಕೆ. ಜೀವಕ್ಕೆ ಕುತ್ತು ಬಂದಾಗ ಊರು ಮೊದಲು ಹುಡುಕುವುದೂ ಅವರ ಮನೆಯನ್ನೇ.